ಹೆಸರು ಒಂದೇ, ಬೇರು ಎರಡು

ನಿಮ್ಮ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: 'ಬ್ರಾಹ್ಮಿ ಎಂದರೆ ಯಾವ ಗಿಡ?' ಮಲೆನಾಡಿನ ಮಕ್ಕಳು ತಂಬುಳಿಗೆ ಬಳಸುವ ಒಂದೆಲಗವನ್ನು ತೋರಿಸಬಹುದು. ಬೇರೆ ಕೆಲವರು ಕೆರೆಯಂಚಿನ ತೇವದಲ್ಲಿ ಹಬ್ಬುವ, ಪುಟ್ಟ ದಪ್ಪ ಎಲೆಗಳ ನೀರುಬ್ರಾಹ್ಮಿಯನ್ನು ತೋರಿಸಬಹುದು. ಇವೆರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಸಸ್ಯಗಳು. ಎರಡನ್ನೂ ಜನ ಬಹುಕಾಲದಿಂದ ಬಳಸುತ್ತ ಬಂದಿರುವುದರಿಂದ ಈ ಗೊಂದಲ ನಮ್ಮನ್ನು ಅಷ್ಟಾಗಿ ಕಾಡಿಲ್ಲ. ಆದರೆ ಇಂಥದೇ ಗೊಂದಲ ಚೀನಾದ ಒಂದು ಔಷಧಿ ಬೇರಿನ ವಿಷಯದಲ್ಲಿ ಉಂಟಾದಾಗ, ದೂರದ ಬೆಲ್ಜಿಯಂನಲ್ಲಿ ನೂರಕ್ಕೂ ಹೆಚ್ಚು ಮಂದಿ ಮೂತ್ರಪಿಂಡದ ರೋಗಕ್ಕೆ ತುತ್ತಾದರು. ಅದು ಹೇಗೆ ಎಂಬುದನ್ನು ನೋಡೋಣ.

ಫಾಂಗ್‌ಜಿ ಎಂಬ ಬೇರು

ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ 'ಫಾಂಗ್‌ಜಿ' ಎಂಬ ಒಣ ಬೇರಿಗೆ ಬಹು ಹಳೆಯ ಸ್ಥಾನವಿದೆ. ಮೈ ಊತ ಇಳಿಸಲು, ಮೂತ್ರ ಸರಾಗವಾಗಿ ಹೋಗಲು, ಕೀಲುನೋವಿಗೆ ಅದನ್ನು ಕೊಡುತ್ತಿದ್ದರು. ಆದರೆ ಈ ಒಂದು ಹೆಸರಿನಲ್ಲಿ ಮಾರುಕಟ್ಟೆಗೆ ಬರುತ್ತಿದ್ದುದು ಒಂದೇ ಬೇರಲ್ಲ. 'ಹಾನ್ ಫಾಂಗ್‌ಜಿ' ಎಂಬುದು ಸ್ಟೆಫಾನಿಯ ಟೆಟ್ರಾಂಡ್ರ ಎಂಬ ಬಳ್ಳಿಯ ಬೇರು. ನಮ್ಮ ಅಮೃತಬಳ್ಳಿಯೂ ಅದೇ ಕುಟುಂಬದ್ದು. 'ಗ್ವಾಂಗ್ ಫಾಂಗ್‌ಜಿ' ಎಂಬುದು ಅರಿಸ್ಟೊಲೋಕಿಯ ಫಾಂಗ್‌ಚಿ ಎಂಬ, ತೀರ ಬೇರೆ ಕುಟುಂಬದ ಬಳ್ಳಿಯ ಬೇರು. ಗಿಡಗಳನ್ನು ಎಲೆ ಹೂಗಳೊಂದಿಗೆ ಅಕ್ಕಪಕ್ಕ ಇಟ್ಟರೆ ಸಸ್ಯವಿಜ್ಞಾನದ ವಿದ್ಯಾರ್ಥಿ ಸುಲಭವಾಗಿ ಬೇರ್ಪಡಿಸಬಲ್ಲ. ಬೇರು ಒಣಗಿ, ಪುಡಿಯಾಗಿ, ಚೀಲ ಸೇರಿದ ಮೇಲೆ ಉಳಿಯುವುದು ಚೀಲದ ಮೇಲಿನ ಹೆಸರು ಮಾತ್ರ.

ಬ್ರಸೆಲ್ಸ್‌ನ ಒಗಟು

ಬ್ರಸೆಲ್ಸ್ ನಗರದ ಒಂದು ಚಿಕಿತ್ಸಾಲಯದಲ್ಲಿ ಮೈತೂಕ ಇಳಿಸಲು ಗುಳಿಗೆಗಳನ್ನು ಕೊಡುತ್ತಿದ್ದರು. 1990ರಲ್ಲಿ ಆ ಗುಳಿಗೆಗಳಿಗೆ ಎರಡು ಚೀನೀ ಮೂಲಿಕೆಗಳನ್ನು ಸೇರಿಸಿದರು. ಅವುಗಳಲ್ಲಿ ಒಂದು, ಚೀಟಿಯ ಪ್ರಕಾರ, ಸ್ಟೆಫಾನಿಯ ಟೆಟ್ರಾಂಡ್ರ. ತೂಕ ಇಳಿಸಲು ಈ ಬೇರನ್ನು ಬಳಸುವುದು ಚೀನೀ ಸಂಪ್ರದಾಯದ ಪದ್ಧತಿಯಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು.

1992ರಲ್ಲಿ ಇಬ್ಬರು ಮಹಿಳೆಯರು ಮೂತ್ರಪಿಂಡಗಳು ಬಹಳ ಬೇಗ ಕುಗ್ಗಿಹೋಗುತ್ತಿದ್ದ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದರು. ಇಬ್ಬರೂ ಅದೇ ಚಿಕಿತ್ಸೆ ಪಡೆದಿದ್ದವರು. ಮೂತ್ರಪಿಂಡ ತಜ್ಞ ವಾನ್ಹರ್ವೇಗೆಮ್ ಮತ್ತು ಸಂಗಡಿಗರು ನಗರದ ಉಳಿದ ಕೇಂದ್ರಗಳ ದಾಖಲೆಗಳನ್ನೂ ಹುಡುಕಿದರು. ಐವತ್ತು ವರ್ಷದೊಳಗಿನ ಇನ್ನೂ ಏಳು ಮಹಿಳೆಯರು ಸಿಕ್ಕರು. ಚಿಕಿತ್ಸಾಲಯ ವರ್ಷಗಳಿಂದ ನಡೆಯುತ್ತಿತ್ತು. ಹೊಸದಾಗಿ ಬಂದದ್ದು ಮೂಲಿಕೆಗಳು. 1993ರಲ್ಲಿ ಅವರು ಈ ಸಂಗತಿಯನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಸ್ಟೆಫಾನಿಯ ಬೇರಿನಲ್ಲಿ ಟೆಟ್ರಾಂಡ್ರಿನ್ ಎಂಬ ಸಸ್ಯಕ್ಷಾರ ಇರಬೇಕು. ಗುಳಿಗೆಯ ಪುಡಿಯಲ್ಲಿ ಅದು ಕಾಣಲಿಲ್ಲ! 1994ರಲ್ಲಿ ಆ ಹೆಸರಿನಲ್ಲಿ ಆಮದಾದ ಪುಡಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲ ಪತ್ತೆಯಾಯಿತು. ಚೀಲದೊಳಗೆ ಇದ್ದದ್ದು ಇನ್ನೊಂದು ಫಾಂಗ್‌ಜಿ.

ಪುಡಿಯನ್ನು ಗುರುತಿಸುವುದು ಹೇಗೆ?

ಶೋಧಕ ಕಾಗದದ ಮೇಲೆ ಶಾಯಿಯ ಚುಕ್ಕೆ ಇಟ್ಟು, ತುದಿಯನ್ನು ನೀರಿಗೆ ತಾಗಿಸಿದಾಗ ಬಣ್ಣಗಳು ಬೇರೆ ಬೇರೆ ಎತ್ತರಕ್ಕೆ ಏರುವುದನ್ನು ನೀವು ಮಾಡಿ ನೋಡಿರಬಹುದು. ಇದೇ ವರ್ಣರೇಖನ. ದ್ರಾವಕದೊಡನೆ ಸಾಗುವ ಒಲವು ಮತ್ತು ಆಸರೆಗೆ ಅಂಟಿಕೊಳ್ಳುವ ಒಲವು ಒಂದೊಂದು ಅಣುವಿನಲ್ಲಿ ಒಂದೊಂದು ಪ್ರಮಾಣದಲ್ಲಿ ಇರುವುದರಿಂದ ಅವು ಬೇರ್ಪಡುತ್ತವೆ. ಬೇರಿನ ಸಾರವನ್ನೂ ಹೀಗೆಯೇ ಬೇರ್ಪಡಿಸಬಹುದು.

ಇನ್ನೂ ಖಚಿತವಾಗಿ ಹೇಳಬೇಕಾದರೆ ಅಣುವನ್ನು ತೂಗಬೇಕು. ಟೆಟ್ರಾಂಡ್ರಿನ್‌ನ ಅಣುವಿನಲ್ಲಿ 38 ಕಾರ್ಬನ್, 42 ಹೈಡ್ರೊಜನ್, 2 ನೈಟ್ರೊಜನ್, 6 ಆಕ್ಸಿಜನ್ ಪರಮಾಣುಗಳಿವೆ. ಕೂಡಿಸಿದರೆ ಅಣುರಾಶಿ ಸುಮಾರು 622. ಅರಿಸ್ಟೊಲೋಕಿಕ್ ಆಮ್ಲದ ಮುಖ್ಯ ರೂಪದಲ್ಲಿ 17 ಕಾರ್ಬನ್, 11 ಹೈಡ್ರೊಜನ್, 1 ನೈಟ್ರೊಜನ್, 7 ಆಕ್ಸಿಜನ್. ಅಣುರಾಶಿ ಸುಮಾರು 341. ದ್ರವ್ಯರಾಶಿ ರೋಹಿತಮಾಪಕದ ಅತಿ ಸರಳ ಮಾದರಿಯಲ್ಲಿ ಅಯಾನುಗಳನ್ನು ಒಂದೇ ವಿಭವಾಂತರದಲ್ಲಿ ವೇಗೋತ್ಕರ್ಷಗೊಳಿಸಿ ಕಾಂತಕ್ಷೇತ್ರದೊಳಕ್ಕೆ ಬಿಡುತ್ತಾರೆ. ಆವೇಶ ಒಂದೇ ಆಗಿದ್ದರೆ ಪಥದ ತ್ರಿಜ್ಯ ರಾಶಿಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. 622ನ್ನು 341ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ: ಸುಮಾರು 1.35. ಅಂದರೆ ಟೆಟ್ರಾಂಡ್ರಿನ್ ಅಯಾನಿನ ಪಥದ ತ್ರಿಜ್ಯ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ದೊಡ್ಡದು. ಕಣ್ಣಿಗೆ, ಮೂಗಿಗೆ ತಿಳಿಯದ ವ್ಯತ್ಯಾಸ ಉಪಕರಣಕ್ಕೆ ಇಷ್ಟು ಸ್ಪಷ್ಟ.

ಅಣು ಮಾಡುವ ಹಾನಿ

ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಬೇಕಾದದ್ದನ್ನು ಮರಳಿ ಹೀರಿ, ಬೇಡದ್ದನ್ನು ಹೊರಕ್ಕೆ ತಳ್ಳುವ ಕೆಲಸ ಅಲ್ಲಿನ ಸೂಕ್ಷ್ಮ ನಾಳಗಳದ್ದು. ಅರಿಸ್ಟೊಲೋಕಿಕ್ ಆಮ್ಲ ಈ ನಾಳಗಳ ಕೋಶಗಳಲ್ಲಿ ಸೇರಿಕೊಳ್ಳುತ್ತದೆ. ಕೋಶಗಳು ಸಾಯುತ್ತವೆ, ಆ ಜಾಗದಲ್ಲಿ ನಾರಿನಂಥ ಅಂಗಾಂಶ ಬೆಳೆಯುತ್ತದೆ. ಗುಳಿಗೆ ನಿಲ್ಲಿಸಿದ ಮೇಲೂ ಹಾನಿ ಮುಂದುವರಿಯಬಹುದು.

ಹಾನಿ ಇಷ್ಟಕ್ಕೇ ನಿಲ್ಲುವುದಿಲ್ಲ. ದೇಹದ ಕಿಣ್ವಗಳು ಈ ಅಣುವಿನ ನೈಟ್ರೊ ಗುಂಪನ್ನು ಅಪಕರ್ಷಿಸಿದಾಗ ಹುಟ್ಟುವ ಚುರುಕಾದ ರೂಪ ಡಿಎನ್ಎಯ ಅಡಿನೀನ್‌ಗೆ ಅಂಟಿಕೊಳ್ಳುತ್ತದೆ. ಕೋಶ ವಿಭಜನೆಯ ಹೊತ್ತಿಗೆ ನಕಲು ತಪ್ಪಿ, ಅಡಿನೀನ್ ಇರಬೇಕಾದಲ್ಲಿ ಥೈಮಿನ್ ಬಂದು ಕೂರುತ್ತದೆ. ಈ ಬಗೆಯ ತಪ್ಪು ಇಷ್ಟು ಸಂಖ್ಯೆಯಲ್ಲಿ ಬೇರೆಡೆ ಕಾಣುವುದು ಅಪರೂಪ. ಹಾಗಾಗಿ ಇದು ಆ ಅಣು ಬಿಟ್ಟುಹೋದ ಬೆರಳಚ್ಚು ಇದ್ದಂತೆ.

ಬೆಲ್ಜಿಯಂನ ವೈದ್ಯರು ಮೂತ್ರಪಿಂಡ ಪೂರ್ತಿ ವಿಫಲವಾಗಿದ್ದ 39 ರೋಗಿಗಳಲ್ಲಿ, ಮುನ್ನೆಚ್ಚರಿಕೆಯಾಗಿ, ಕೆಲಸ ಮಾಡದ ಮೂತ್ರಪಿಂಡ ಮತ್ತು ಮೂತ್ರನಾಳಗಳನ್ನು ತೆಗೆದುಹಾಕಿದರು. 2000ದಲ್ಲಿ ಪ್ರಕಟವಾದ ವರದಿಯ ಪ್ರಕಾರ 18 ಮಂದಿಯಲ್ಲಿ ಮೂತ್ರಮಾರ್ಗದ ಕ್ಯಾನ್ಸರ್ ಇತ್ತು; 19 ಮಂದಿಯಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳಿದ್ದವು. ಉಳಿದವರು ಇಬ್ಬರೇ. ಒಟ್ಟು 200 ಗ್ರಾಮಿಗಿಂತ ಹೆಚ್ಚು ಬೇರು ಸೇವಿಸಿದವರಲ್ಲಿ ಅಪಾಯ ಹೆಚ್ಚಾಗಿತ್ತು.

'ಸಾವಿರಾರು ವರ್ಷ ಬಳಸಿದ್ದು, ಅಪಾಯವಿದ್ದರೆ ಗೊತ್ತಾಗುತ್ತಿರಲಿಲ್ಲವೆ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ತಿಂದ ಗಂಟೆಯಲ್ಲಿ ವಾಂತಿಯಾದರೆ ಕಾರಣ ತಿಳಿಯುತ್ತದೆ. ವರ್ಷಗಳ ನಂತರ ಬರುವ ಕ್ಯಾನ್ಸರನ್ನು ಎಂದೋ ಕುಡಿದ ಕಷಾಯಕ್ಕೆ ಜೋಡಿಸುವುದು ಎಷ್ಟೇ ಅನುಭವಿ ವೈದ್ಯನಿಗೂ ಕಷ್ಟ. ಅದಕ್ಕೆ ದಾಖಲೆ ಬೇಕು, ಎಣಿಕೆ ಬೇಕು, ಹೋಲಿಕೆ ಬೇಕು. ಬಾಲ್ಕನ್ ಪ್ರದೇಶದ ಡ್ಯಾನ್ಯೂಬ್ ಉಪನದಿಗಳ ಬಯಲಿನಲ್ಲಿ 1950ರ ದಶಕದಿಂದ ಗುರುತಿಸಲಾಗಿದ್ದ ಮೂತ್ರಪಿಂಡ ರೋಗವೊಂದರ ಹಿಂದೆಯೂ ಇದೇ ಅಣು ಇತ್ತು. ಗೋಧಿ ಹೊಲದಲ್ಲಿ ಕಳೆಯಾಗಿ ಬೆಳೆದ ಅರಿಸ್ಟೊಲೋಕಿಯದ ಬೀಜ ಗೋಧಿಯೊಡನೆ ಸೇರಿ ರೊಟ್ಟಿಗೆ ಬರುತ್ತಿತ್ತು. ಡಿಎನ್ಎಯಲ್ಲಿನ ಆ ಬೆರಳಚ್ಚು ಸಿಕ್ಕಿ ಈ ಸಂಬಂಧ ದೃಢವಾಗಲು 2007ರವರೆಗೆ ಕಾಯಬೇಕಾಯಿತು.

ಅರಿಸ್ಟೊಲೋಕಿಯ ಇರುವ ಮೂಲಿಕೌಷಧಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2002ರಲ್ಲಿ ಮಾನವರಿಗೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಚೀನಾ 2004ರಲ್ಲಿ ಗ್ವಾಂಗ್ ಫಾಂಗ್‌ಜಿಯ ಔಷಧಿ ಬಳಕೆಯನ್ನು ಹಿಂತೆಗೆದುಕೊಂಡಿತು.

ನಮ್ಮ ಈಶ್ವರಿ ಬಳ್ಳಿ

ಈ ಕುಲದ ಒಂದು ಬಳ್ಳಿ ನಮ್ಮ ಕಾಡು, ಬೇಲಿಗಳಲ್ಲೂ ಇದೆ: ಅರಿಸ್ಟೊಲೋಕಿಯ ಇಂಡಿಕ, ಅಂದರೆ ಈಶ್ವರಿ ಬಳ್ಳಿ. ಇದರ ಬೇರನ್ನು ಹಾವಿನ ಕಡಿತಕ್ಕೆ ಬಳಸುವ ರೂಢಿ ಇದೆ. ಇದರಲ್ಲೂ ಅರಿಸ್ಟೊಲೋಕಿಕ್ ಆಮ್ಲ ಇದೆ. ಕರ್ನಾಟಕದ ರಾಜ್ಯ ಚಿಟ್ಟೆಯ ಮರಿಹುಳುಗಳು ಈ ಕುಲದ ಬಳ್ಳಿಗಳ ಎಲೆ ತಿಂದೇ ಬೆಳೆಯುತ್ತವೆ. ಆ ಕಹಿ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತವೆ. ಹುಳುವಿಗೆ ಒಗ್ಗಿದ್ದು ನಮ್ಮ ಮೂತ್ರಪಿಂಡಕ್ಕೆ ಒಗ್ಗದು. ಬಳ್ಳಿಯನ್ನು ಕಡಿಯಬೇಕಿಲ್ಲ, ಅದು ಚಿಟ್ಟೆಗಳಿಗೆ ಬೇಕು. ನಾವು ತಿನ್ನದಿದ್ದರೆ ಸಾಕು. ಹಾವು ಕಚ್ಚಿದವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹೆಸರೂ ಒಂದು ಅಳತೆ

ನಮ್ಮಲ್ಲಿ ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮನಾಗಿರುತ್ತಿರಲಿಲ್ಲ. ಅದಕ್ಕಾಗಿಯೇ ಕಿಲೋಗ್ರಾಮ್, ಲೀಟರ್ ಬಂದವು. ಲಿನೇಯಸ್ 1753ರಲ್ಲಿ ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರುಗಳನ್ನು ಬಳಕೆಗೆ ತಂದದ್ದೂ ಇಂಥದೇ ಕೆಲಸ. ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಬೇಸರಪಡುವ ಆ ಹೆಸರುಗಳು ಅಳತೆಗೋಲಿನಷ್ಟೇ ಮುಖ್ಯ.

ಬೇರು ನಾಡಿನದೋ ಹೊರನಾಡಿನದೋ, ಹಳೆಯದೋ ಹೊಸದೋ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು. ಇದು ಖಚಿತವಾಗಿ ಯಾವ ಸಸ್ಯ? ಇದರಲ್ಲಿ ಯಾವ ಅಣುಗಳಿವೆ? ಎಷ್ಟಿವೆ? ಬ್ರಸೆಲ್ಸ್‌ನಲ್ಲಿ ಮೊದಲ ಪ್ರಶ್ನೆಯನ್ನು ಗುಳಿಗೆ ತಯಾರಿಸುವ ಮುನ್ನವೇ ಯಾರಾದರೂ ಕೇಳಿದ್ದರೆ ಅಷ್ಟು ಮಂದಿಯ ಮೂತ್ರಪಿಂಡಗಳು ಉಳಿಯುತ್ತಿದ್ದವು.