ಕೆ.ಜಿ.ಎಫ್. ಎಂಬ ಚಿನ್ನದ ಊರು

ನಮ್ಮ ಚಂದಾಪುರದಿಂದ ಪೂರ್ವಕ್ಕೆ ಹೋದರೆ ಕೋಲಾರ ಜಿಲ್ಲೆಯಲ್ಲಿ ಕೆ.ಜಿ.ಎಫ್. ಸಿಗುತ್ತದೆ. ಅಲ್ಲಿ ದೂರದಿಂದ ಬೆಟ್ಟಗಳ ಹಾಗೆ ಕಾಣುವುದು ಎಲ್ಲಾ ಬೆಟ್ಟವಲ್ಲ! ಕಲ್ಲು ಪುಡಿ ಮಾಡಿ, ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ದಿಬ್ಬಗಳೂ ಇವೆ. ಗಾಳಿ ಬೀಸಿದರೆ ಆ ಧೂಳು ಮನೆಯೊಳಗೇ ಬರುತ್ತದೆ.

1880ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸ ಶುರು ಮಾಡಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರಿಗೆ ಬಂದದ್ದು 1905ರಲ್ಲಿ, ನೋಡಿ!

ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಹೆಚ್ಚು ಕಡಿಮೆ ಇಲ್ಲಿಂದ ಹೆಬ್ಬಗೋಡಿಗೆ ಇರುವಷ್ಟು ದೂರ, ನೇರ ಕೆಳಕ್ಕೆ! ಅಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ಢಮಾರ್ ಅಂತ ಸಿಡಿದು ಎಷ್ಟೋ ಜನ ಸತ್ತರು. ಕೆಲಸಗಾರರಲ್ಲಿ ತಮಿಳು, ತೆಲುಗು ಮಾತಾಡುವ ಬಡವರೇ ಜಾಸ್ತಿ. ನಮ್ಮ ವಠಾರದ ತಾತನೂ ಅಲ್ಲಿ ದುಡಿದವರು. “ಚಿನ್ನ ನೋಡಿದ್ರಾ ತಾತ?” ಅಂತ ಕೇಳಿದೆ. “ಎಲ್ಲಿ ಮಗಾ, ಬರೀ ಕಲ್ಲು ನೋಡಿದ್ದು” ಅಂದ್ರು. ಚಿನ್ನ ಕಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಸೇರಿಕೊಂಡಿರುತ್ತದೆ.

ಆಳಕ್ಕೆ ಹೋದಂತೆ ಖರ್ಚು ಹೆಚ್ಚಿತು, ಚಿನ್ನ ಕಡಿಮೆಯಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಈಗ ಅಲ್ಲಿನ ಸಾವಿರಾರು ಜನ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬಂದು, ರಾತ್ರಿ ಮನೆ ಸೇರುತ್ತಾರೆ.