ಬ್ರಿಟನ್ನಿನಲ್ಲಿ ಸಿನಿಮಾ, ಟಿವಿ ನಿರ್ಮಾಣದ ಓದು: ಮಕ್ಕಳನ್ನು ಕಳುಹಿಸುವ ಮೊದಲು ತಿಳಿಯಬೇಕಾದದ್ದು

ಪಿಯುಸಿ ಮುಗಿಸಿದ ಮಗನೋ ಮಗಳೋ "ಸಿನಿಮಾ ಮಾಡುವುದನ್ನು ಓದುತ್ತೇನೆ, ಇಂಗ್ಲೆಂಡಿಗೆ ಕಳುಹಿಸಿ" ಎಂದರೆ ಬಹಳಷ್ಟು ಜೈನ ಮನೆಗಳಲ್ಲಿ ಮೊದಲು ಮೌನ, ಆಮೇಲೆ ವಾದ. ಅಜ್ಜಿಗೆ ಊಟದ ಚಿಂತೆ, ತಂದೆಗೆ ದುಡ್ಡಿನ ಚಿಂತೆ, ತಾಯಿಗೆ ಎರಡೂ. ಸಿ.ಎ., ಎಂಜಿನಿಯರಿಂಗ್, ಅಂಗಡಿ, ಇವುಗಳ ಆಚೆಗೆ ಮಕ್ಕಳು ನೋಡತೊಡಗಿ ಬಹಳ ಕಾಲವಾಯಿತು. ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸುವುದೂ ಸರಿಯಲ್ಲ, ಏಜೆಂಟ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹಣ ಕಟ್ಟುವುದೂ ಸರಿಯಲ್ಲ.

ಸಿನಿಮಾ ಜೈನರಿಗೆ ಹೊರಗಿನ ವಿದ್ಯೆ ಎಂದುಕೊಳ್ಳಬೇಕಾಗಿಲ್ಲ. ಕೊಲ್ಲಾಪುರ ಸೀಮೆಯಲ್ಲಿ 1901ರಲ್ಲಿ ಹುಟ್ಟಿದ ವಿ. ಶಾಂತಾರಾಮ್ ಅವರ ತಂದೆ ಜೈನರು. ಹುಡುಗನಾಗಿದ್ದಾಗ ಶಾಂತಾರಾಮ್ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು. ಅವರು ಗೆಳೆಯರೊಡನೆ 1929ರಲ್ಲಿ ಕೊಲ್ಲಾಪುರದಲ್ಲಿ ಕಟ್ಟಿದ ಪ್ರಭಾತ್ ಕಂಪನಿ ಮುಂದೆ ಪುಣೆಗೆ ಹೋಯಿತು. ಅದೇ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ 1960ರಲ್ಲಿ ಸರ್ಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಆ ಕಾಲದಲ್ಲಿ ಕೆಲಸ ಕಲಿಯಲು ಕಾಲೇಜು ಇರಲಿಲ್ಲ, ಕಂಪನಿಯಲ್ಲಿ ಸಾಮಾನು ಹೊರುತ್ತಲೇ ಕಲಿಯಬೇಕಿತ್ತು. ಈಗ ಕಾಲೇಜಿದೆ, ಅದಕ್ಕೆ ಫೀ ಇದೆ.

ಹೆಸರು ಒಂದೇ, ಓದು ಬೇರೆ

ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ 'ಫಿಲ್ಮ್ ಸ್ಟಡೀಸ್' ಎಂದಿದ್ದರೆ ಅದು ಸಿನಿಮಾ ನೋಡಿ, ಚರಿತ್ರೆ ಓದಿ, ಪ್ರಬಂಧ ಬರೆಯುವ ಕೋರ್ಸು. 'ಫಿಲ್ಮ್ ಪ್ರೊಡಕ್ಷನ್', 'ಟೆಲಿವಿಷನ್ ಪ್ರೊಡಕ್ಷನ್' ಎಂದಿದ್ದರೆ ಕ್ಯಾಮೆರಾ, ಧ್ವನಿ, ಸಂಕಲನ, ಸ್ಟುಡಿಯೋ ಕೆಲಸ ಕೈಯಿಂದ ಮಾಡಿ ಕಲಿಯುವಂಥದ್ದು. ಈ ಎರಡನ್ನು ಒಂದೇ ಎಂದುಕೊಂಡು ಸೇರಿ, ಮೊದಲ ವರ್ಷವೆಲ್ಲ ಪುಸ್ತಕ ಓದಬೇಕಾಗಿ ಬಂದು ಬೇಸರಪಡುವ ಮಕ್ಕಳಿದ್ದಾರೆ. ಅರ್ಜಿ ಹಾಕುವ ಮೊದಲು ಮೂರು ವರ್ಷದ ಪಾಠಗಳ ಪಟ್ಟಿ ತರಿಸಿಕೊಂಡು, ಅದರಲ್ಲಿ ಎಷ್ಟು ಪಾಲು ಕೈಕೆಲಸ, ಎಷ್ಟು ಪಾಲು ಬರವಣಿಗೆ ಎಂದು ಎಣಿಸಿ ನೋಡಬೇಕು. ಒಬ್ಬ ವಿದ್ಯಾರ್ಥಿಗೆ ಕ್ಯಾಮೆರಾ ಎಷ್ಟು ದಿನ ಸಿಗುತ್ತದೆ, ಕಿರುಚಿತ್ರದ ಖರ್ಚು ಕಾಲೇಜಿನದೋ ವಿದ್ಯಾರ್ಥಿಯದೋ, ಮಾಡಿದ ಚಿತ್ರದ ಹಕ್ಕು ಯಾರ ಕೈಯಲ್ಲಿ ಉಳಿಯುತ್ತದೆ, ಇವನ್ನು ಪತ್ರದಲ್ಲೇ ಕೇಳಿ ಉತ್ತರ ಇಟ್ಟುಕೊಳ್ಳಬೇಕು. ಹಕ್ಕಿನ ವಿಷಯ ಒಂದೊಂದು ಕಡೆ ಒಂದೊಂದು ರೀತಿ.

ಬೀಕನ್ಸ್‌ಫೀಲ್ಡ್ ಊರಿನ ನ್ಯಾಷನಲ್ ಫಿಲ್ಮ್ ಆಂಡ್ ಟೆಲಿವಿಷನ್ ಸ್ಕೂಲ್ 1971ರಲ್ಲಿ ಆರಂಭವಾದದ್ದು. ಅಲ್ಲಿಯ ಮುಖ್ಯ ಕೋರ್ಸುಗಳು ಎರಡು ವರ್ಷದ ಎಂ.ಎ. ಮಟ್ಟದವು. ವಾಲೇಸ್ ಆಂಡ್ ಗ್ರೋಮಿಟ್ ಮಣ್ಣಿನ ಗೊಂಬೆಗಳ ಮೊದಲ ಚಿತ್ರವನ್ನು ನಿಕ್ ಪಾರ್ಕ್ ಆರಂಭಿಸಿದ್ದು ಅಲ್ಲಿ ವಿದ್ಯಾರ್ಥಿಯಾಗಿದ್ದಾಗ. ಅದು ಮುಗಿದದ್ದು 1989ರಲ್ಲಿ. ಆ ವಿದ್ಯೆಗೆ ಎಷ್ಟು ತಾಳ್ಮೆ ಬೇಕು ಎಂಬುದಕ್ಕೆ ಅಷ್ಟು ಸಾಕು. 1956ರ ಲಂಡನ್ ಫಿಲ್ಮ್ ಸ್ಕೂಲ್ ಇನ್ನೊಂದು ಹಳೆಯ ಸಂಸ್ಥೆ. ಪದವಿ ಮಟ್ಟದಲ್ಲಿ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯಕ್ಕೆ ಹೆಸರಿದೆ. ಲೂಮಿಯೇರ್ ಸಹೋದರರ ಚಲನಚಿತ್ರ ಬ್ರಿಟನ್ನಿನ ಜನರಿಗೆ ಮೊದಲು ತೋರಿಸಿದ್ದು ಅದರ ಹಳೆಯ ಕಟ್ಟಡದಲ್ಲೇ, 1896ರ ಫೆಬ್ರವರಿಯಲ್ಲಿ. ಅದರ ಸಿನಿಮಾ ವಿಭಾಗ ಇರುವುದು ಲಂಡನ್ನಿನ ವಾಯವ್ಯಕ್ಕೆ ಹ್ಯಾರೋದಲ್ಲಿ. ಆ ಕಡೆ ಗುಜರಾತಿ ಜೈನ ಮನೆಗಳು ಬಹಳ, ಪಕ್ಕದ ಕೆಂಟನ್‌ನಲ್ಲಿ ದೇರಾಸರವೂ ಇದೆ.

ಪದವಿಗೆ ಅರ್ಜಿ ಹೋಗುವುದು ಯುಕಾಸ್ ಎಂಬ ಒಂದೇ ಕೇಂದ್ರದ ಮೂಲಕ. ಕೆಲವು ವಿಶ್ವವಿದ್ಯಾಲಯಗಳು ಸಿಬಿಎಸ್‌ಇಗಿಂತ ರಾಜ್ಯದ ಪಿಯುಸಿಗೆ ಹೆಚ್ಚಿನ ಶೇಕಡಾ ಅಂಕ ಕೇಳುತ್ತವೆ. ಅಂಕಕ್ಕಿಂತ ದೊಡ್ಡದು ಪೋರ್ಟ್‌ಫೋಲಿಯೋ, ಅಂದರೆ ವಿದ್ಯಾರ್ಥಿ ತಾನೇ ಮಾಡಿದ ಕೆಲಸದ ಮಾದರಿ. ಐದು ನಿಮಿಷದ ಚಿತ್ರವಾದರೂ ಸಾಕು, ಊರಿನ ಬಸದಿಯ ರಥೋತ್ಸವವನ್ನು ಮೊಬೈಲಿನಲ್ಲಿ ಹಿಡಿದದ್ದಾದರೂ ಆದೀತು, ಅದರಲ್ಲಿ ಹುಡುಗನ ಕಣ್ಣು ಕಾಣಬೇಕು. ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಿದ್ದು ಸಂದರ್ಶನದಲ್ಲಿ ಎರಡು ಪ್ರಶ್ನೆಗೆ ಸಿಕ್ಕಿಬೀಳುತ್ತದೆ.

ಲೆಕ್ಕ

ವಿದೇಶಿ ವಿದ್ಯಾರ್ಥಿಗೆ ಇಂಥ ಪದವಿಯ ಫೀ ಸಾಧಾರಣವಾಗಿ ವರ್ಷಕ್ಕೆ 15ರಿಂದ 25 ಸಾವಿರ ಪೌಂಡ್. 18 ಸಾವಿರ ಎಂದು ಹಿಡಿದರೆ ಮೂರು ವರ್ಷಕ್ಕೆ 54 ಸಾವಿರ. ಜೀವನದ ಖರ್ಚಿಗೆ ಬ್ರಿಟಿಷ್ ಸರ್ಕಾರವೇ ಒಂದು ಅಳತೆ ಇಟ್ಟಿದೆ: 2025ರ ನವೆಂಬರ್‌ನಿಂದ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್. ಒಂಬತ್ತು ತಿಂಗಳ ಆ ಮೊತ್ತವನ್ನು (ಲಂಡನ್ ಹೊರಗಾದರೆ 10,539 ಪೌಂಡ್) ಮತ್ತು ಮೊದಲ ವರ್ಷದ ಫೀಯಲ್ಲಿ ಕಟ್ಟಲು ಉಳಿದದ್ದನ್ನು ಖಾತೆಯಲ್ಲಿ ತೋರಿಸಬೇಕು. ಅದು ಸತತ 28 ದಿನ ಒಂದು ರೂಪಾಯಿಯೂ ಕಡಿಮೆಯಾಗದೆ ಇರಬೇಕು, ವಿದ್ಯಾರ್ಥಿಯ ಅಥವಾ ತಂದೆ ತಾಯಿಯ ಹೆಸರಿನಲ್ಲಿರಬೇಕು. ದೊಡ್ಡಪ್ಪನ ಖಾತೆ, ಅಂಗಡಿಯ ಕರೆಂಟ್ ಅಕೌಂಟ್ ನಡೆಯುವುದಿಲ್ಲ. ವ್ಯಾಪಾರದ ಮನೆಗಳು ಎಡವುವುದು ಇಲ್ಲೇ. 20ನೇ ದಿನ ಸರಕಿನ ಬಿಲ್ಲಿಗೆಂದು ಎರಡು ಲಕ್ಷ ತೆಗೆದು, ಮರುದಿನ ತುಂಬಿದರೂ, ಎಣಿಕೆ ಮತ್ತೆ ಒಂದರಿಂದ.

ಲಂಡನ್ ಹೊರಗಿನ ಮೂರು ವರ್ಷದ ವಾಸಕ್ಕೆ ಅದೇ ಅಳತೆಯಲ್ಲಿ 31,600 ಪೌಂಡ್. ಫೀಯೊಂದಿಗೆ ಕೂಡಿಸಿದರೆ 85,600. ಪೌಂಡಿಗೆ 115 ರೂಪಾಯಿ ಹಿಡಿದರೂ 98 ಲಕ್ಷ ದಾಟಿತು. ವಿಮಾನ, ವೀಸಾ ಶುಲ್ಕ, ವರ್ಷಕ್ಕೆ 776 ಪೌಂಡಿನಂತೆ ಪೂರ್ತಿ ಅವಧಿಗೆ ಒಮ್ಮೆಲೇ ಕಟ್ಟುವ ಆರೋಗ್ಯ ಶುಲ್ಕ ಇದರ ಮೇಲೆ. ಒಂದು ಕೋಟಿ ಎಂದೇ ತಿಳಿಯಬೇಕು.

ಸಾಲ ಮಾಡುವುದಾದರೆ ಬ್ಯಾಂಕಿನ ಶಿಕ್ಷಣ ಸಾಲವೇ ಮೇಲು. ಅದರಿಂದ ಕಳುಹಿಸುವ ಹಣಕ್ಕೆ ಟಿಸಿಎಸ್ ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲೆ ಬ್ಯಾಂಕು ತೆರಿಗೆ ಹಿಡಿಯುತ್ತದೆ, ರಿಟರ್ನ್ ಸಲ್ಲಿಸುವಾಗ ಅದು ವಜಾ ಆಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಬಡ್ಡಿಯ ಮೇಲೆ 80ಇ ವಿನಾಯಿತಿಯೂ ಉಂಟು. 2014ರಲ್ಲಿ ಜೈನರು ರಾಷ್ಟ್ರಮಟ್ಟದ ಅಲ್ಪಸಂಖ್ಯಾತರೆಂದು ಘೋಷಣೆಯಾದ ಮೇಲೆ 'ಪಢೋ ಪರದೇಶ್' ಬಡ್ಡಿ ಸಹಾಯಧನದ ಮಾತು ಎಲ್ಲೆಡೆ ಕೇಳಿಬರುತ್ತಿತ್ತು. ಆ ಯೋಜನೆಯನ್ನು ಕೇಂದ್ರ ಸರ್ಕಾರ 2022–23ರಿಂದ ನಿಲ್ಲಿಸಿದೆ. ಈಗಲೂ ಅದರ ಹೆಸರಿನಲ್ಲಿ ಅರ್ಜಿ ತುಂಬಿಸಿ ಕಮಿಷನ್ ಕೇಳುವವರಿದ್ದರೆ ದೂರವಿರಬೇಕು. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಕಚೇರಿಗೆ ನೇರವಾಗಿ ಹೋಗಿ, ಸಿನಿಮಾ ಕೋರ್ಸಿಗೆ ಸಾಲ ಬರುತ್ತದೆಯೇ ಎಂದು ಕೇಳುವುದಕ್ಕೆ ಖರ್ಚೇನೂ ಇಲ್ಲ.

ದುಡಿದು ತೀರಿಸುತ್ತೇನೆ ಎಂಬ ಮಾತು

ಇದನ್ನು ಮಕ್ಕಳು ನಂಬಿ ಹೇಳುತ್ತಾರೆ, ಸುಳ್ಳು ಹೇಳುವುದಿಲ್ಲ. ಆದರೆ ಸಿನಿಮಾ ವಿದ್ಯಾರ್ಥಿಗೆ ಇಲ್ಲೊಂದು ವಿಶೇಷ ತೊಡಕಿದೆ, ಉಳಿದ ಕೋರ್ಸಿನವರಿಗೆ ಅಷ್ಟಾಗಿ ಇಲ್ಲ. ಪದವಿ ಓದುವವರು ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರದಂತೆ ಕೆಲಸ ಮಾಡಬಹುದು. ಆದರೆ ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ. ಸಿನಿಮಾ, ಟಿವಿ ಕೆಲಸವೆಲ್ಲ ಬಹುಪಾಲು ಫ್ರೀಲಾನ್ಸ್. ಭಾನುವಾರ ಯಾರದೋ ಮದುವೆಯ ವಿಡಿಯೋ ತೆಗೆದು ಬಿಲ್ಲು ಕೊಟ್ಟರೆ, ಒಬ್ಬರ ಜಾಹೀರಾತು ಸಂಕಲನ ಮಾಡಿ ಹಣ ಪಡೆದರೆ, ಅದು ಸ್ವಂತ ಉದ್ಯೋಗವೇ. ಯೂಟ್ಯೂಬ್ ಚಾನೆಲಿನ ಗಳಿಕೆಯೂ ಅದೇ ತಕ್ಕಡಿಗೆ ಬೀಳಬಹುದು. ಸಂಬಳವಿಲ್ಲದ ಕೆಲಸವೂ 20 ಗಂಟೆಯ ಲೆಕ್ಕಕ್ಕೆ ಸೇರುತ್ತದೆ. ಗೆಳೆಯರ ಮಾತು ಕೇಳಿ ನಿಯಮ ಮೀರಿ ಸಿಕ್ಕಿದರೆ ಓದು ಅರ್ಧಕ್ಕೆ ನಿಲ್ಲುತ್ತದೆ, ಕಟ್ಟಿದ ಫೀ ಹೋಗುತ್ತದೆ. ಹಾಗಾಗಿ ಅಂಗಡಿ, ಗ್ರಂಥಾಲಯ, ಕ್ಯಾಂಟೀನುಗಳಲ್ಲಿ ಸಂಬಳದ ಚೀಟಿ ಕೊಡುವ ಕೆಲಸವೇ ಸುರಕ್ಷಿತ. ಕ್ಯಾಂಟೀನು ಎಂದರೆ ಮಾಂಸದ ಪಾತ್ರೆ ತೊಳೆಯಬೇಕಾದೀತು, ಅದನ್ನೂ ಮೊದಲೇ ಯೋಚಿಸಬೇಕು.

ಪದವಿ ಮುಗಿದ ಮೇಲೆ ಗ್ರಾಜುಯೇಟ್ ವೀಸಾದಲ್ಲಿ ಫ್ರೀಲಾನ್ಸ್ ಕೆಲಸಕ್ಕೆ ಅಡ್ಡಿಯಿಲ್ಲ. ಈ ಅವಧಿ ಎರಡು ವರ್ಷವಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಈಗ ಪದವಿಗೆ ಸೇರುವವರೆಲ್ಲ 18 ತಿಂಗಳಿನವರೇ. ಅದಾದ ಮೇಲೂ ಉಳಿಯಬೇಕಾದರೆ ಕಂಪನಿಯೊಂದು ಸ್ಪಾನ್ಸರ್ ಮಾಡಬೇಕು. ಅದಕ್ಕೆ 2025ರ ಜುಲೈನಲ್ಲಿ ಇಟ್ಟ ಸಾಮಾನ್ಯ ಸಂಬಳದ ಗೆರೆ ವರ್ಷಕ್ಕೆ 41,700 ಪೌಂಡ್; ಹೊಸಬರಿಗೆ ಸ್ವಲ್ಪ ಕಡಿಮೆ. ಒಂದು ಚಿತ್ರಕ್ಕೆ ಆರು ವಾರ, ಇನ್ನೊಂದಕ್ಕೆ ಎರಡು ತಿಂಗಳು ಎಂದು ದುಡಿಯುವ ಕ್ಷೇತ್ರದಲ್ಲಿ ಸ್ಪಾನ್ಸರ್ ಮಾಡುವ ಮಾಲೀಕ ಸಿಗುವುದು ಕಷ್ಟ. ಆದ್ದರಿಂದ ಮಗ ಹಿಂದಿರುಗಿ ಬಂದೇ ಬರುತ್ತಾನೆ ಎಂದು ಹಿಡಿದು ಸಾಲದ ಲೆಕ್ಕ ಹಾಕಬೇಕು. 50 ಲಕ್ಷಕ್ಕೆ ಶೇ 10 ಬಡ್ಡಿಯೆಂದರೆ ಬರೀ ಬಡ್ಡಿಯೇ ತಿಂಗಳಿಗೆ 41 ಸಾವಿರದ ಮೇಲೆ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಸಹಾಯಕ ನಿರ್ದೇಶಕನಿಗೆ ಮೊದಲ ವರ್ಷಗಳಲ್ಲಿ ಅಷ್ಟು ಸಿಗುವುದು ಅಪರೂಪ.

ನಿರ್ದೇಶನ ಒಂದೇ ವಿದ್ಯೆಯಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಪ್ರೊಡಕ್ಷನ್ ಅಕೌಂಟೆನ್ಸಿ, ಲೈನ್ ಪ್ರೊಡ್ಯೂಸರ್ ಕೆಲಸ, ಹಂಚಿಕೆ, ಹಕ್ಕು ಮಾರಾಟ, ಇವು ಅಲ್ಲಿ ಪ್ರತ್ಯೇಕ ಕಸುಬುಗಳು. ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿ ಬೆಳೆದ ಮಗುವಿಗೆ ಒಂದು ದಿನದ ಶೂಟಿಂಗಿನ ಖರ್ಚು ಬರೆದಿಡುವುದು ಹೊಸದೇನಲ್ಲ. ಹೆಸರು ಪರದೆಯ ಕೊನೆಯಲ್ಲಿ ಬಂದರೂ ಅನ್ನ ಅದರಲ್ಲೇ ಹೆಚ್ಚು ಗಟ್ಟಿ.

ವ್ರತ, ನಿಯಮ ಮತ್ತು ಶೂಟಿಂಗ್

ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಬೆಳಗ್ಗೆ 8ರ ಸುಮಾರಿಗೆ ಹುಟ್ಟಿ ಮಧ್ಯಾಹ್ನ 4ಕ್ಕೆ ಮೊದಲೇ ಮುಳುಗುತ್ತಾನೆ. ಜೂನ್‌ನಲ್ಲಿ ರಾತ್ರಿ 9 ದಾಟಿದರೂ ಬೆಳಕು. ರಾತ್ರಿಭೋಜನ ತ್ಯಾಗ ಪಾಲಿಸುವವರಿಗೆ ಬೇಸಿಗೆಯಲ್ಲಿ ತೊಂದರೆಯಿಲ್ಲ, ಚಳಿಗಾಲದಲ್ಲಿ ಮೂರೂವರೆಗೆ ಊಟ ಮುಗಿಯಬೇಕು. ಆ ಹೊತ್ತಿಗೆ ತರಗತಿಯೋ ಶೂಟಿಂಗೋ ನಡೆದಿರುತ್ತದೆ. ಶೂಟಿಂಗಿನ ಒಂದು ದಿನ ಸಾಮಾನ್ಯವಾಗಿ ಹತ್ತು ಗಂಟೆಯ ಕೆಲಸ, ಜೊತೆಗೆ ಒಂದು ಗಂಟೆ ಊಟದ ಬಿಡುವು. ಆ ಬಿಡುವು ಯಾವಾಗ ಎಂಬುದು ಹಿಂದಿನ ಸಂಜೆಯ ಕಾಲ್ ಶೀಟಿನಲ್ಲಿ ಬರೆದಿರುತ್ತದೆ. ಸಹಾಯಕ ನಿರ್ದೇಶಕರಿಗೆ ಮೊದಲೇ ಹೇಳಿದರೆ ಹದಿನೈದು ನಿಮಿಷ ಬಿಡುತ್ತಾರೆ, ಕೊನೆಯ ಗಳಿಗೆಯಲ್ಲಿ ಹೇಳಿದರೆ ಬಿಡುವುದಿಲ್ಲ. ಡಬ್ಬಿ ಕೈಯಲ್ಲಿರಬೇಕು. ಅಲ್ಲಿಯ ಪೊಟ್ಟಣಗಳ ಮೇಲೆ ನಮ್ಮಲ್ಲಿಯ ಹಸಿರು ಚುಕ್ಕೆಯಂಥ ಕಡ್ಡಾಯ ಗುರುತಿಲ್ಲ. ಸಸ್ಯಾಹಾರ ಎಂದು ಬರೆದಿದ್ದರೂ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇರುತ್ತದೆ. ಕಾಲೇಜಿನ ಊಟದ ಹಾಸ್ಟೆಲ್ ಬದಲು ಅಡುಗೆಮನೆ ಇರುವ ಕೋಣೆಯನ್ನೇ ಕೇಳಬೇಕು, ಹೋಗುವ ಮೊದಲು ಹುಡುಗರಿಗೂ ಅಡುಗೆ ಕಲಿಸಬೇಕು.

ದಶಲಕ್ಷಣ ಪರ್ವದ ಮಾತೂ ಇದೆ. ಅಧಿಕ ಮಾಸ ಬಂದ ವರ್ಷ ಅನಂತ ಚತುರ್ದಶಿ ಸೆಪ್ಟೆಂಬರ್ ಕೊನೆಗೆ ಹೋಗುತ್ತದೆ, ಅಲ್ಲಿ ಕಾಲೇಜು ಶುರುವಾಗುವುದೂ ಅದೇ ವಾರಗಳಲ್ಲಿ. ಹೊಸ ಊರು, ಹೊಸ ಕೋಣೆ, ಅದರಲ್ಲಿ ಉಪವಾಸ. ಮಗುವಿನ ಮೇಲೆ ಒತ್ತಾಯ ಮಾಡದೆ ಶಕ್ತಿಯಿದ್ದಷ್ಟು ಎಂದು ಬಿಡುವುದು ಒಳ್ಳೆಯದು.

ಅಹಿಂಸೆಯ ಪ್ರಶ್ನೆ ಊಟದಲ್ಲೇ ಮುಗಿಯುವುದಿಲ್ಲ. ಸಿನಿಮಾ ರೀಲು ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜಿಲಾಟಿನ್ ಲೇಪನ. ಆ ಜಿಲಾಟಿನ್ ಬರುವುದು ದನಗಳ ಎಲುಬು, ಚರ್ಮದಿಂದ. ಈಗ ಹೆಚ್ಚಿನ ಕಾಲೇಜುಗಳಲ್ಲಿ ಡಿಜಿಟಲ್ ಕ್ಯಾಮೆರಾ, ಅಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಆದರೆ ಲಂಡನ್ ಫಿಲ್ಮ್ ಸ್ಕೂಲಿನಂಥ ಕಡೆ ರೀಲಿನಲ್ಲಿ ಚಿತ್ರೀಕರಿಸುವುದನ್ನು ಪಾಠವಾಗಿಯೇ ಕಲಿಸುವ ಪದ್ಧತಿ. ಇದಕ್ಕೆ ಮನಸ್ಸು ಒಪ್ಪದವರು ಸೇರುವ ಮೊದಲೇ ಕೇಳಿಕೊಳ್ಳಬೇಕು. (1981ರ ಮಹಾಮಸ್ತಕಾಭಿಷೇಕದ ಫೋಟೋ ಯಾವ ಮನೆಯ ಗೋಡೆಯ ಮೇಲಿದೆಯೋ ಆ ಕಾಗದದ ಮೇಲೂ ಜಿಲಾಟಿನ್ ಇದ್ದೇ ಇದೆ. ಆಗ ಯಾರಿಗೂ ಗೊತ್ತಿರಲಿಲ್ಲ.) ಬಣ್ಣ ಹಚ್ಚುವ ಸಾಮಾನಿನ ಕೆಂಪಿನಲ್ಲಿ ಹುಳದಿಂದ ತೆಗೆದ ಕಾರ್ಮೈನ್ ಇರಬಹುದು, ವೇಷಭೂಷಣದಲ್ಲಿ ಚರ್ಮ, ರೇಷ್ಮೆ ಇರುತ್ತದೆ. ಊಟದ ದೃಶ್ಯವಿದ್ದರೆ ಮೇಜಿನ ಮೇಲೆ ಮಾಂಸ ಜೋಡಿಸುವ ಕೆಲಸ ಮೊದಲ ವರ್ಷದ ವಿದ್ಯಾರ್ಥಿಯ ಪಾಲಿಗೆ ಬರುತ್ತದೆ.

ಕಾನೂನು ಕೆಲವು ಕಡೆ ಆಸರೆಗಿದೆ. ಪ್ರಾಣಿಗೆ ಹಿಂಸೆ ಕೊಟ್ಟು ತೆಗೆದ ದೃಶ್ಯ ತೋರಿಸುವುದನ್ನು ಬ್ರಿಟನ್ 1937ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದೆ. 2010ರ ಸಮಾನತೆ ಕಾಯ್ದೆ ಧರ್ಮ, ನಂಬಿಕೆಯ ಕಾರಣಕ್ಕೆ ವಿದ್ಯಾರ್ಥಿಯನ್ನು ಕಡೆಗಣಿಸುವಂತಿಲ್ಲ ಎನ್ನುತ್ತದೆ. ಹಾಗೆಂದು ಕೋರ್ಸಿನ ಮುಖ್ಯ ಪಾಠವನ್ನೇ ಬಿಡಿಸಿಕೊಡುತ್ತಾರೆ ಎಂದಲ್ಲ. ಮಾಂಸದ ಬದಲು ಸೋಯಾ ಬಳಸಿ ಕ್ಯಾಮೆರಾದಲ್ಲಿ ಹಾಗೇ ಕಾಣಿಸುತ್ತೇನೆ ಎಂದು ತೋರಿಸಿದವನಿಗೆ ಮೇಷ್ಟರು ಅಂಕ ಕೊಡದಿರಲು ಕಾರಣವಿಲ್ಲ.

ಇಲ್ಲಿಯೇ ಓದುವ ದಾರಿಯನ್ನು ಕಡೆಗಣಿಸಬಾರದು. ಗಿರೀಶ್ ಕಾಸರವಳ್ಳಿ ಓದಿದ್ದು ಪುಣೆಯ ಅದೇ ಇನ್‌ಸ್ಟಿಟ್ಯೂಟಿನಲ್ಲಿ. ಅವರ ಮೊದಲ ಚಿತ್ರ 'ಘಟಶ್ರಾದ್ಧ'ಕ್ಕೇ ಸ್ವರ್ಣಕಮಲ ಬಂತು. ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದು, ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೈಸೂರಿನ ವಿ.ಕೆ. ಮೂರ್ತಿ ಕಲಿತದ್ದು ಬೆಂಗಳೂರಿನ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ. ಆ ಪರಂಪರೆಯ ಸಂಸ್ಥೆ ಈಗ ಹೆಸರಘಟ್ಟದಲ್ಲಿದೆ, ಛಾಯಾಗ್ರಹಣ ಮತ್ತು ಧ್ವನಿಗ್ರಹಣದ ಡಿಪ್ಲೊಮಾ ಕೊಡುತ್ತದೆ. ಇಲ್ಲಿ ಮೂಲ ಕಲಿತು, ಒಂದೆರಡು ವರ್ಷ ದುಡಿದು, ಪದವಿಯೂ ಕೈಯಲ್ಲಿದ್ದರೆ ಆಮೇಲೆ ಹೊರಗೆ ಒಂದು ವರ್ಷದ ಎಂ.ಎ.ಗೆ ಹೋಗುವುದು ಕಡಿಮೆ ಖರ್ಚಿನ ದಾರಿ. ಆ ವಯಸ್ಸಿಗೆ ತನಗೆ ಬೇಕಾದದ್ದು ಕ್ಯಾಮೆರಾವೋ ಸಂಕಲನವೋ ಎಂಬುದೂ ಗೊತ್ತಾಗಿರುತ್ತದೆ.

ಹೋಗುವುದೇ ಖಚಿತವಾದರೆ, ವೀಸಾ ಅರ್ಜಿಗೆ ಮೊದಲು ಕ್ಷಯರೋಗ ಇಲ್ಲವೆಂಬ ಪ್ರಮಾಣಪತ್ರ ಬೇಕು. ಬ್ರಿಟಿಷ್ ಸರ್ಕಾರ ಒಪ್ಪಿದ ಕ್ಲಿನಿಕ್ಕಿನದೇ ಆಗಬೇಕು, ಅಂಥವು ಬೆಂಗಳೂರಿನಲ್ಲೂ ಇವೆ. ಆರು ತಿಂಗಳು ಮಾತ್ರ ಚಲಾವಣೆ. ಊರು ಆರಿಸುವಾಗ ಲೆಸ್ಟರ್ ಹೆಸರನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದು. ಲಂಡನ್ನಿಗಿಂತ ಖರ್ಚು ಕಡಿಮೆ, ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಮತ್ತು ಮಾಧ್ಯಮದ ಪದವಿಗಳಿವೆ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ, ಹಳೆಯ ಚರ್ಚಿನ ಕಟ್ಟಡವನ್ನು ಮಾರ್ಪಡಿಸಿ 1988ರಲ್ಲಿ ತೆರೆದ ಜೈನ ಮಂದಿರವಿದೆ. ಒಂದೇ ಸೂರಿನಡಿ ಶ್ವೇತಾಂಬರ, ದಿಗಂಬರ ಎರಡೂ ಪಂಥದವರ ಜಿನಬಿಂಬಗಳಿವೆ.