ಗಿಟಾರಿನ ಪಿಕ್‌ಗೆ ಮೂರು ಸಾವಿರವೇ?

ಮಗಳು ಗಿಟಾರ್ ಕ್ಲಾಸಿಗೆ ಸೇರಿ ಆರು ತಿಂಗಳಾಗುವಷ್ಟರಲ್ಲಿ, "ಅಮ್ಮಾ, ಒಳ್ಳೇ ಪಿಕ್ ಕೊಡ್ಸಮ್ಮಾ" ಎಂಬ ರಾಗ ಶುರುವಾಗುತ್ತದೆ. ಬೈಯಬೇಡಿ, ಹಾಗಂತ ಪರ್ಸನ್ನೂ ತೆರೆಯಬೇಡಿ.

ಪಿಕ್ ಎಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ. ಸಿತಾರಿನ ಮಿಜ್ರಾಬ್‌ನಂತೆ ಬೆರಳಿಗೆ ತೊಡುವುದಲ್ಲ. ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿಯುವುದು. ಸಾಧಾರಣದ್ದು ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ಅಮೆರಿಕದ ಬ್ಲೂಚಿಪ್ ಪಿಕ್ ಒಂದಕ್ಕೋ 35 ಡಾಲರಿಗೂ ಮೇಲೆ, ಅಂದರೆ ಸುಮಾರು ಮೂರು ಸಾವಿರ!

ಯಾಕಿಷ್ಟು ಬೆಲೆ? ಹಿಂದೆ ಒಳ್ಳೆಯ ಪಿಕ್‌ಗಳನ್ನು ಹಾಕ್ಸ್‌ಬಿಲ್ ಎಂಬ ಕಡಲಾಮೆಯ ಚಿಪ್ಪಿನಿಂದ ಮಾಡುತ್ತಿದ್ದರು. 1970ರ ದಶಕದಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿತ್ತು. ಆ ಚಿಪ್ಪಿನ ನಯ, ಬಿಗುವು ಬರಲೆಂದು ಈಗ ದುಬಾರಿ ಪ್ಲಾಸ್ಟಿಕ್ ಬಳಸುತ್ತಾರೆ. ಅಂಚು ಬೇಗ ಸವೆಯದು, ತಂತಿಯ ಮೇಲೆ ಸಲೀಸಾಗಿ ಜಾರುತ್ತದೆ. ದಿನವೂ ಗಂಟೆಗಟ್ಟಲೆ ನುಡಿಸುವ ಕಲಾವಿದರಿಗೆ ಸರಿ. ಆದರೆ ಕ್ವೀನ್ ತಂಡದ ಬ್ರಿಯಾನ್ ಮೇ ಜಗತ್ಪ್ರಸಿದ್ಧರಾದದ್ದು ಇಂಗ್ಲೆಂಡಿನ ಹಳೇ ಆರು ಪೆನ್ಸ್ ನಾಣ್ಯದಲ್ಲಿ ಮೀಟಿಕೊಂಡೇ!

ಕಲಿಯುವವರು ನೋಡಬೇಕಾದ್ದು ದಪ್ಪ. ಎಲ್ಲ ತಂತಿಗಳನ್ನೂ ಒಟ್ಟಿಗೆ ಸವರಿ ನುಡಿಸಲು ಅರ್ಧ ಮಿಲಿಮೀಟರಿನ ತೆಳುವಾದ್ದು ಹಗುರ. ಒಂದೊಂದೇ ತಂತಿ ಮೀಟಲು ಒಂದು ಮಿಲಿಮೀಟರಿನದು ಹಿಡಿತಕ್ಕೆ ಬರುತ್ತದೆ. ಮೂರ್ನಾಲ್ಕು ದಪ್ಪದವನ್ನು ತಂದುಕೊಡಿ, ಯಾವುದು ಒಗ್ಗುತ್ತದೋ ಅವಳೇ ಹೇಳಲಿ. ಕಳೆದುಹೋಗುವುದಂತೂ ಖಂಡಿತ, ಒಗೆಯುವ ಬಟ್ಟೆಯ ಜೇಬು ತಡಕಿ ನೋಡಿ.

ಉಳಿದ ದುಡ್ಡಿಗೆ ಹೊಸ ತಂತಿಯ ಸೆಟ್ ತರಿಸಿ. ಕೈಬೆವರಿಗೆ ಹಳೆಯದು ತುಕ್ಕು ಹಿಡಿದಿರುವುದನ್ನು ಅವಳು ನಿಮಗೆ ಹೇಳಿರುವುದೇ ಇಲ್ಲ.